ಕಡತಕ್ಕೊಂದು ಸೋನಾರ್ ಬೇಕಾಗಿದೆ

ಮೂಡಿಗೆರೆಯಿಂದ ಸಮುದ್ರ ಕಾಣುವುದಿಲ್ಲ. ಚಾರ್ಮಾಡಿ ಘಾಟಿಯ ತಲೆಯ ಮೇಲೆ ನಿಂತರೂ ಕಾಣುವುದು ಮಂಜು ಮಾತ್ರ. ಆದರೂ ಸಬ್‌ಮೆರಿನ್ ಯುದ್ಧದ ಬಗ್ಗೆ ಮಾತಾಡಲು ನೌಕಾನೆಲೆ ಇಟ್ಟುಕೊಂಡ ಕಾರವಾರದವರಿಗಿಂತ ನಮಗೇ ಹೆಚ್ಚು ಹಕ್ಕು. ಕಾಣದ ನಕ್ಸಲರು, ಕಾಣುವ ಪೊಲೀಸರು, ಕಂಡೂ ಕಾಣದಂತಿರುವ ಸರ್ಕಾರ, ಈ ಮೂವರ ನಡುವೆ ಇಪ್ಪತ್ತು ವರ್ಷ ಸಂಸಾರ ಮಾಡಿದವರು ನಾವು.

ಅಡಗಿ ಹೊಡೆಯುವ ಯುದ್ಧ ನೀರಿನಲ್ಲಾಗಲಿ ಕಾಡಿನಲ್ಲಾಗಲಿ, ಲೆಕ್ಕ ಒಂದೇ. ಅಡಗಿದವನಿಗೆ ಖರ್ಚು ಕಡಿಮೆ, ಹುಡುಕುವವನಿಗೆ ಬಜೆಟ್ಟೇ ಸಾಲದು. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಯು-9 ಎಂಬ ಒಂಟಿ ಸಬ್‌ಮೆರಿನ್ ಸುಮಾರು ಒಂದೂವರೆ ಗಂಟೆಯಲ್ಲಿ ಬ್ರಿಟನ್ನಿನ ಮೂರು ಯುದ್ಧನೌಕೆಗಳನ್ನು ಮುಳುಗಿಸಿತು. ಸತ್ತವರು 1,400ಕ್ಕೂ ಹೆಚ್ಚು. ಆಮೇಲೆ ಕಡಲಲ್ಲಿ ತೇಲುವ ಮರದ ತುಂಡೂ ಪೆರಿಸ್ಕೋಪಿನಂತೆ ಕಂಡರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಕಳಸದ ಕಡೆ ಯಾರೋ ಅಪರಿಚಿತರು ಅಕ್ಕಿ ಕೇಳಿದರಂತೆ ಎಂಬ ಸುದ್ದಿ ಸಾಕಿತ್ತು, ಜೀಪುಗಳ ಮೆರವಣಿಗೆ ಹೊರಡುತ್ತಿತ್ತು. ಕೊನೆಗೆ 2025ರ ಜನವರಿ 8ರಂದು ಶರಣಾದವರು ಆರು ಮಂದಿ. ನಕ್ಸಲ್ ನಿಗ್ರಹ ಪಡೆಯಲ್ಲಿದ್ದವರು 656. ತಲೆಗೆ ನೂರರ ಮೇಲಾಯಿತು! ಮಲೆನಾಡಿನ ಶಾಲೆಗಳಲ್ಲಿ ಮಕ್ಕಳಿಗೆ ಮೇಷ್ಟ್ರುಗಳನ್ನು ಈ ಲೆಕ್ಕದ ಹತ್ತಿರಕ್ಕಾದರೂ ಕೊಟ್ಟಿದ್ದರೆ ಕಾಡಿಗೆ ಹೋಗುವವರೇ ಇರುತ್ತಿರಲಿಲ್ಲ.

ಅಡಗಿದವರ ಕಷ್ಟವೂ ಒಂದೇ ತರಹದ್ದು. ಡೀಸೆಲ್ ಸಬ್‌ಮೆರಿನ್ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಆಗಾಗ ಮೇಲಕ್ಕೆ ಬಂದು ಗಾಳಿ ಎಳೆಯಲೇಬೇಕು, ಸಿಕ್ಕಿಬೀಳುವುದು ಆಗಲೇ. ಕಾಡಿನವರಿಗೆ ಆ ಗಾಳಿ ಎಂದರೆ ದಿನಸಿ. 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಗುಂಡಿಗೆ ಬಲಿಯಾದದ್ದು ದಿನಸಿಗೆಂದು ಮನೆಯೊಂದಕ್ಕೆ ಬಂದಾಗ ಎಂದರು ಪೊಲೀಸರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸಬ್‌ಮೆರಿನ್ ಹತ್ತಿದ ನಾಲ್ವರಲ್ಲಿ ಮೂವರು ವಾಪಸಾಗಲಿಲ್ಲ. 2005ರಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತಾಗಿನಿಂದ ನಮ್ಮ ಕಾಡೂ ಇಂಥದೇ ಲೆಕ್ಕ ಬರೆಯುತ್ತಿತ್ತು. ಇನ್ನು ಸಬ್‌ಮೆರಿನ್ನಿಗೆಂದು ನೀರೊಳಗೆ ಬಾಂಬು ಸಿಡಿಸಿದರೆ ಮೊದಲು ಸಾಯುವುದು ಮೀನು. ಕಾಡಿನಲ್ಲಿ ಕೂಂಬಿಂಗ್ ನಡೆಸಿದರೆ ಮೊದಲು ಸಿಕ್ಕುವುದು ಸೀಗೆ, ಜೇನು ತರಲು ಹೋದ ಗಿರಿಜನ.

ಒಂದು ವಿಷಯದಲ್ಲಿ ಮಾತ್ರ ಸಬ್‌ಮೆರಿನ್ ಪುಣ್ಯ ಮಾಡಿದೆ. ಗೆರಿಲ್ಲಾ ಮೀನಿದ್ದಂತೆ, ಜನ ನೀರಿದ್ದಂತೆ ಎಂದದ್ದು ಮಾವೋ. ಕಡಲಿನ ನೀರು ಕಡಲು ಬಿಟ್ಟು ಹೋಗುವುದಿಲ್ಲ. ಮಲೆನಾಡಿನ ನೀರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡಿತು. ಊರಲ್ಲಿ ಉಳಿದದ್ದು ಮಂಡಿ ನೋವಿನ ಅಜ್ಜ, ಅಜ್ಜಿ. ಇವರನ್ನು ಕಟ್ಟಿಕೊಂಡು ಯಾವ ಕ್ರಾಂತಿ?

ಆದರೆ ಅಡಗುವ ವಿದ್ಯೆಯಲ್ಲಿ ನಿಜವಾದ ಪಂಡಿತರು ಕಾಡಿನಲ್ಲಿದ್ದವರಲ್ಲ, ಸರ್ಕಾರದವರು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತಲೆಮಾರುಗಳಿಂದ ಅಲ್ಲಿದ್ದವರು ಕಾಡಿಗೆ ಅಪಾಯವಾದರು. ಅದೇ ಬೆಟ್ಟವನ್ನು 2005ರ ಕೊನೆಯವರೆಗೆ ಅದಿರಿಗಾಗಿ ಬಗೆದ ಯಂತ್ರಗಳು ಆಗಲಿಲ್ಲ. ಒಕ್ಕಲೇಳಿ ಎಂಬ ನೋಟಿಸು ಸರಿಯಾಗಿ ಗುರಿ ಮುಟ್ಟಿತು. ಹಕ್ಕುಪತ್ರದ ಅರ್ಜಿ, ಕಾಲುಸಂಕದ ಮನವಿ ಮಾತ್ರ ಕಚೇರಿಯ ಮೇಜಿನಿಂದ ಒಳಕ್ಕಿಳಿದವು ಮೇಲೇಳಲಿಲ್ಲ. ಹಾಗೆಂದು ಸರ್ಕಾರ ಮೇಲೆ ಬರುವುದೇ ಇಲ್ಲ ಎನ್ನುವಂತಿಲ್ಲ. ಚುನಾವಣೆಗೊಮ್ಮೆ ಬಂದು ಗಾಳಿ ಎಳೆದುಕೊಂಡು ಹೋಗುತ್ತದೆ. ಕಾಡಿನಲ್ಲಿ ಬಂದೂಕು ಕಂಡರೆ ವಿಶೇಷ ಪ್ಯಾಕೇಜ್ ಹೊತ್ತು ಬರುತ್ತದೆ. ಅರ್ಜಿ ಹಿಡಿದು ಎದುರಿಗೇ ನಿಂತವನನ್ನು ಕಾಣುವ ಕಣ್ಣು ಅದಕ್ಕಿಲ್ಲ. ಅಡಗಿದವನನ್ನು ಹುಡುಕಲು ಜೀಪು, ಡ್ರೋನು, ಭತ್ಯೆ ಎಲ್ಲ ಇವೆ.

ಆ ಆರು ಮಂದಿಯ ಶರಣಾಗತಿಯನ್ನೇ ನೋಡಿ. ಚಿಕ್ಕಮಗಳೂರಿನಲ್ಲಿ ಆಗಬೇಕಿದ್ದದ್ದು ಕೊನೇ ಗಳಿಗೆಯಲ್ಲಿ ಬೆಂಗಳೂರಿನ ಮುಖ್ಯಮಂತ್ರಿಗಳ ಗೃಹ ಕಚೇರಿಗೆ ಹೋಯಿತು. ಮಲೆನಾಡಿನಲ್ಲಿ ಮುಳುಗಿದವರು ರಾಜಧಾನಿಯಲ್ಲಿ ತೇಲಿದರು. ಬಂದೂಕುಗಳಿಗೆ ಆಹ್ವಾನ ಇರಲಿಲ್ಲವೋ ಏನೋ, ಅವು ಕೊಪ್ಪ ತಾಲ್ಲೂಕಿನ ಕಾಡಿನಲ್ಲೇ ಉಳಿದು ಎರಡು ದಿನದ ಮೇಲೆ ಸಿಕ್ಕವು. ಶರಣಾದವರನ್ನು ಎ, ಬಿ, ಸಿ ಎಂದು ದರ್ಜೆ ಮಾಡಿ ಪರಿಹಾರ ನಿಗದಿಯಾಯಿತು. ಫೆಬ್ರವರಿಯಲ್ಲಿ ಇನ್ನಿಬ್ಬರು ಶರಣಾದ ಮೇಲೆ ರಾಜ್ಯವೂ ನಕ್ಸಲ್ ಮುಕ್ತವಾಯಿತು.

ಬಹಳ ಸಂತೋಷ. ಆದರೆ ನಕ್ಸಲರೊಂದಿಗೆ ನಮ್ಮ ಪ್ಯಾಕೇಜೂ ಮುಖ್ಯವಾಹಿನಿಗೆ ಸೇರಿ ಕೊಚ್ಚಿಹೋದರೆ ಗತಿ ಏನು? ಸದ್ಯಕ್ಕೆ ನಮ್ಮ ಪಾಲಿಗೆ ಕಾಡಾನೆ ಇದೆ. ಹಗಲು ಕಾಫಿ ಗಿಡಗಳ ಮರೆಯಲ್ಲಿದ್ದು ರಾತ್ರಿ ಗದ್ದೆಗೆ ಏಳುತ್ತದೆ, ಅದಕ್ಕೂ ಒಂದು ಕಾರ್ಯಪಡೆ ಆಗಿದೆ.

ನನ್ನದೊಂದು ಸಲಹೆ. 2025ರ ಜೂನ್‌ನಲ್ಲಿ ನಿಗ್ರಹ ಪಡೆಯ 248 ಮಂದಿಯನ್ನು ಕರಾವಳಿಯ ಕೋಮು ಗಲಭೆ ತಡೆಯುವ ವಿಶೇಷ ಪಡೆಗೆ ಕಳಿಸಿದರು. ಉಳಿದವರನ್ನು ದಯವಿಟ್ಟು ಮಲೆನಾಡಿನ ಸರ್ಕಾರಿ ಕಚೇರಿಗಳಿಗೆ ನುಗ್ಗಿಸಿ. ಕಪಾಟು ಕಪಾಟೂ ಕೂಂಬಿಂಗ್ ಮಾಡಲಿ. ಶರಣಾಗುವ ಕಡತಕ್ಕೆ ಪ್ಯಾಕೇಜ್ ಎಲ್ಲಿಂದ ತರುವುದು ಎಂಬ ಚಿಂತೆ ಸರ್ಕಾರಕ್ಕೆ ಬೇಡ. ಎ, ಬಿ, ಸಿ ದರ್ಜೆ ನೋಡಿಕೊಂಡು ಅದನ್ನು ನಾವು ಮೊದಲಿನಿಂದಲೂ ಕೊಡುತ್ತಲೇ ಬಂದಿದ್ದೇವೆ.