ಎಚ್‌ಐವಿ ವೈರಸ್ಸಿಗೆ ಬಳಕೆದಾರರ ಕೈಪಿಡಿ

ಮಾನ್ಯ ವೈರಸ್ಸಿನವರೇ, ಬಳಕೆಗೆ ಮುನ್ನ ಪೂರ್ತಿ ಓದಿಕೊಳ್ಳಿ. ಓದಲು ತಮಗೆ ಕಣ್ಣಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಆದರೂ ಇಲ್ಲಿನ ಸೂಚನೆಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತ ಬಂದಿದ್ದೀರಿ.

ಪೊಟ್ಟಣದಲ್ಲಿ ಇರುವುದು: ಆರ್‌ಎನ್‌ಎ ಎಳೆ ಎರಡು, ಒಂದೊಂದರಲ್ಲೂ ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರ, ಒಂಬತ್ತು ಜೀನು. ಜೊತೆಗೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ನಕಲುಗಾರ. ಈತ ತಪ್ಪು ಬರೆಯುತ್ತಾನೆ, ಬರೆದದ್ದನ್ನು ತಿದ್ದುವುದಿಲ್ಲ. ದೂರು ಕೊಡಬೇಡಿ. ಔಷಧ ಸೇವಿಸದ ದೇಹದಲ್ಲಿ ದಿನವೊಂದಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್ಸು ಹುಟ್ಟುವಾಗ ಆ ತಪ್ಪುಗಳೇ ನಿಮ್ಮ ಬಂಡವಾಳ.

ಅಳವಡಿಸುವ ಮುನ್ನ ಮನೆಯವರ, ಅಂದರೆ ಸೋಂಕು ತಗುಲಿದವರ, ಎಚ್‌ಎಲ್‌ಎ ಪರೀಕ್ಷಿಸಿ. ಮಂಡಿಯಲ್ಲಿ ಚೀಲದಿಂದ ಒಂದು ಹಿಡಿ ಕಾಳು ತೆಗೆದು ತೋರಿಸುವ ಹಾಗೆ, ಜೀವಕೋಶವು ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಗೆ ಹಿಡಿಯುತ್ತದೆ. ಹಿಡಿಯುವ ಕೈಯೇ ಎಚ್‌ಎಲ್‌ಎ. ನಿಮ್ಮ ತುಣುಕು ಕಂಡಿತೋ, ದೇಹದ ಕಾವಲುಗಾರನಾದ ಟಿ ಕೋಶ ಬಂದು ಆ ಜೀವಕೋಶವನ್ನೇ ಮುಗಿಸುತ್ತದೆ. ಈ ಕೈಗಳ ಬಗೆ ಸಾವಿರಾರು. ಒಂದು ಜನಸಮುದಾಯದಲ್ಲಿ ಹೆಚ್ಚಾಗಿರುವ ಬಗೆ ಇನ್ನೊಂದರಲ್ಲಿ ಅಪರೂಪ. ಹಾಗಾಗಿ ಒಂದೇ ಸೆಟ್ಟಿಂಗು ಎಲ್ಲ ಊರಿಗೂ ನಡೆಯದು.

ಜಪಾನಿನ ಸೆಟ್ಟಿಂಗು: ಅಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಬಿ-51 ಎಂಬ ಎಚ್‌ಎಲ್‌ಎ ಇದೆ. ಅದು ಹಿಡಿಯುವುದು ನಿಮ್ಮ ನಕಲುಗಾರನ ಮೈಯಿಂದಲೇ ಕತ್ತರಿಸಿದ ಎಂಟು ಅಮೈನೋ ಆಮ್ಲದ ತುಣುಕನ್ನು. ಅದರ ಕೊನೆಯದು, ಅಂದರೆ 135ನೇ ಸ್ಥಾನದ ಐಸೊಲ್ಯೂಸಿನ್, ಹಿಡಿತಕ್ಕೆ ಬೇಕೇ ಬೇಕು. ಅದೊಂದನ್ನು ಬದಲಾಯಿಸಿ, ಸಾಕು. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದಿಂದ ತರಿಸಿದ ರಕ್ತ ಉತ್ಪನ್ನಗಳ ಮೂಲಕ ನೀವು ಜಪಾನಿನ ಹಿಮೊಫಿಲಿಯಾ ರೋಗಿಗಳನ್ನು ಹೊಕ್ಕಿರಲ್ಲ, ಆಗ ಈ ಬದಲಾವಣೆ ಅಷ್ಟಾಗಿ ಇರಲಿಲ್ಲ. ಬಿ-51 ಇದ್ದವರು ನಿಮ್ಮನ್ನು ಚೆನ್ನಾಗಿಯೇ ತಡೆದು ನಿಲ್ಲಿಸಿದ್ದರು. ನಂತರ ಸೋಂಕು ತಗುಲಿದವರಿಗೆ ಆ ಭಾಗ್ಯ ಇರಲಿಲ್ಲ. ಬಿ-51 ಇಲ್ಲದ ಜಪಾನೀಯರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನೀವು ಬದಲಾದ ವೇಷದಲ್ಲೇ ಇದ್ದಿರಿ. ಐದು ಖಂಡಗಳ 2,800ಕ್ಕೂ ಹೆಚ್ಚು ಸೋಂಕಿತರನ್ನು ತಾಳೆ ನೋಡಿದ 2009ರ ಅಧ್ಯಯನವೊಂದು ನಿಮ್ಮ ಗುಟ್ಟು ಬಯಲು ಮಾಡಿತು: ಬಿ-51 ಎಲ್ಲಿ ಹೆಚ್ಚೋ ಅಲ್ಲಿ ಈ ಬದಲಾವಣೆಯೂ ಹೆಚ್ಚು. ಇದಕ್ಕೆ ಖರ್ಚು ತೀರಾ ಕಡಿಮೆಯಾದ್ದರಿಂದ ಹಳೆಯ ವೇಷಕ್ಕೆ ಮರಳುವ ತುರ್ತೇನಿಲ್ಲ.

ಎಲ್ಲ ಬದಲಾವಣೆಯೂ ಇಷ್ಟು ಅಗ್ಗವಲ್ಲ. ಬಿ-57 ಇರುವ ಮನೆಯಲ್ಲಿ ನಿಮ್ಮ ಗ್ಯಾಗ್ ಪ್ರೋಟೀನಿನ 242ನೇ ಜಾಗದ ಥ್ರಿಯೊನಿನ್ ತೆಗೆದು ಅಸ್ಪರಾಜಿನ್ ಹಾಕಬೇಕಾಗುತ್ತದೆ. ಟಿ ಕೋಶದ ಕಣ್ಣು ತಪ್ಪುತ್ತದೆ, ನಿಜ. ಆದರೆ ನಿಮ್ಮ ತಿರುಳಿನ ಕವಚ ಮೂಡುವುದೇ ಗ್ಯಾಗ್‌ನಿಂದ. ಅಲ್ಲಿ ಕೈಯಾಡಿಸಿದರೆ ಸಂತತಿ ಬಡಕಲಾಗುತ್ತದೆ. ಬಿ-57 ಇಲ್ಲದ ಇನ್ನೊಬ್ಬರ ದೇಹ ಸೇರಿದ ಮೇಲೆ ಮೂಲ ಥ್ರಿಯೊನಿನ್ ಅನ್ನೇ ಮತ್ತೆ ಹಾಕಿಕೊಳ್ಳಿ. ಬೇರೆ ಕಡೆ ಸಣ್ಣಪುಟ್ಟ ತೇಪೆ ಹಾಕಿ ಬಲ ಕೂಡಿಸಿಕೊಂಡ ನಿದರ್ಶನಗಳೂ ಇವೆ.

ದೋಷ ನಿವಾರಣೆ: 'ಎಲ್ಲ ಸೂಚನೆ ಪಾಲಿಸಿದೆ, ಆದರೂ ಯಂತ್ರ ನಿಧಾನವಾಗಿದೆ.' ಈ ದೂರು ಬೋಟ್ಸ್‌ವಾನಾದ್ದು. ಅಲ್ಲಿ ನಿಮ್ಮ ಹಾವಳಿ ದಕ್ಷಿಣ ಆಫ್ರಿಕಾದ ಡರ್ಬನ್ನಿಗಿಂತ ಮೊದಲೇ ಹಬ್ಬಿತ್ತು, ಹೊಂದಿಕೊಳ್ಳಲು ಸಮಯವೂ ಹೆಚ್ಚು ಸಿಕ್ಕಿತು. 2014ರಲ್ಲಿ ಎರಡೂ ಕಡೆ ಹೋಲಿಸಿ ನೋಡಿದಾಗ ಡರ್ಬನ್ನಿನಲ್ಲಿ ಇನ್ನೂ ಕಾಪಾಡುತ್ತಿದ್ದ ಬಿ-57, ಬಿ-58:01 ಬಗೆಗಳು ಬೋಟ್ಸ್‌ವಾನಾದಲ್ಲಿ ಕೈಕೊಟ್ಟಿದ್ದವು. ನಿಮ್ಮ ಗೆಲುವು ಅಂತ ಬೀಗಿದಿರೇನೋ. ಅದೇ ಬೋಟ್ಸ್‌ವಾನಾದ ವೈರಸ್ಸಿನ ವೃದ್ಧಿಶಕ್ತಿ ಡರ್ಬನ್ನಿನದಕ್ಕಿಂತ ಕಡಿಮೆಯಾಗಿತ್ತು! ಬೀಗ ಮುರಿಯಲು ಹೋಗಿ ಸೊಂಟ ಮುರಿದುಕೊಂಡರೆ ತಯಾರಕರು ಹೊಣೆಯಲ್ಲ.

ವಾರಂಟಿ: ನಿಮ್ಮನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗೆ ಈ ಕೈಪಿಡಿ ಅನ್ವಯಿಸದು. ಅದು ಎಚ್‌ಎಲ್‌ಎ ಯಾವುದೆಂದು ವಿಚಾರಿಸುವುದಿಲ್ಲ, ನೇರ ನಿಮ್ಮ ಕಿಣ್ವಗಳಿಗೇ ಕೈ ಹಾಕುತ್ತದೆ, ಅದೂ ಸಾಮಾನ್ಯವಾಗಿ ಎರಡು-ಮೂರು ಔಷಧ ಒಟ್ಟಿಗೆ. ಅವುಗಳಿಂದೆಲ್ಲ ಏಕಕಾಲಕ್ಕೆ ತಪ್ಪಿಸಿಕೊಳ್ಳುವ ನಕಲುದೋಷ ಒಂದೇ ಪ್ರತಿಯಲ್ಲಿ ಸಿಗುವುದು ದುರ್ಲಭ. ಬೋಟ್ಸ್‌ವಾನಾ ಸರ್ಕಾರ 2002ರಿಂದಲೇ ಈ ಗುಳಿಗೆಯನ್ನು ಉಚಿತವಾಗಿ ಹಂಚುತ್ತಿದೆ. ರೋಗಿ ದಿನದ ಗುಳಿಗೆ ತಪ್ಪಿಸತೊಡಗಿದರೆ ಮಾತ್ರ ನಮ್ಮನ್ನು ಸಂಪರ್ಕಿಸಿ.