‘ನಾ ಹೊಗಿ ಬಿಡಂಗಿಲ್ರಿ’: ಶೆಗಡಿಯ ಜೊತೆ ಒಂದು ಸಂದರ್ಶನ

ವಿಜಯಪುರದ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಅಟ್ಟದ ಮೇಲಿನ ಶೆಗಡಿಗೆ, ಅಂದರೆ ಇದ್ದಿಲಿನ ಅಗ್ಗಿಷ್ಟಿಕೆಗೆ, ಒಮ್ಮೆಲೇ ಮರ್ಯಾದೆ ಬರುತ್ತದೆ. ಬೇಸಿಗೆಯಲ್ಲಿ ಯಾರೂ ತಿರುಗಿ ನೋಡದ ಈ ಗೃಹಸ್ಥ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಮಲಗುವ ಕೋಣೆಗೇ ಬಂದು ಕೂತಿರುತ್ತಾನೆ. ಸಂದರ್ಶನಕ್ಕೆ ಒಪ್ಪಿದವನು ಒಂದೇ ಷರತ್ತು ಹಾಕಿದ: ಕಿಟಕಿ ತೆರೆದಿರಬೇಕು. ‘ಇಲ್ಲಾಂದ್ರ ನಿಮ್ಮ ಪ್ರಶ್ನಿ ಮುಗಿಯೂದಿಲ್ರಿ.’

ನಿಮ್ಮ ಮೇಲೆ ಗಂಭೀರ ಆರೋಪವಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ.

‘ಖರೆ ಅದರಿ. ಆದ್ರ ಬಾಗಲಾ ಹಾಕಿದವ ನಾ ಅಲ್ಲ.’ ಜಾಣ ಉತ್ತರ, ಆದರೆ ತಳ್ಳಿಹಾಕುವಂತಿಲ್ಲ. ಹೊಗೆ ಆರಿದ ಮೇಲೆ ಕೆಂಡವನ್ನು ಒಳಗೆ ತಂದರೆ ಅಪಾಯವಿಲ್ಲ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಕಣ್ಣು ಉರಿಸುವ ಹೊಗೆಯಾದರೂ ಮನುಷ್ಯನನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಆದರೆ ನಿಗಿನಿಗಿ ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದರೆ ದಣಿವೆಂದು ತಿಳಿದು ಮಗ್ಗುಲು ಬದಲಿಸುತ್ತೇವೆ.

ಅಜ್ಜಿಯರು ಬಾಣಂತಿಯ ಹೊರಸಿನ ಕೆಳಗೇ ನಿಮ್ಮನ್ನು ಇಡುತ್ತಿದ್ದರಲ್ಲ?

‘ಅಜ್ಜಿ ಇಟ್ಟಿದ್ದು ಮಣ್ಣಿನ ಮಾಳಗಿ ಮನ್ಯಾಗ್ರಿ. ಮ್ಯಾಲ ಬೆಳಕಿಂಡಿ ಇತ್ತು, ಬಾಗಲದಾಗ ನಾಕು ಸಂದಿ ಇದ್ದು. ಈಗ ಸ್ಲ್ಯಾಬ್ ಹಾಕ್ಸೀರಿ, ಸ್ಲೈಡಿಂಗ್ ಕಿಡಕಿ ಕೂಡ್ರಿಸೀರಿ, ಬಾಗಲ ಸಂದ್ಯಾಗ ಹಳೆ ಸೀರಿ ತುರಕೀರಿ. ಟಿಕೋಟಾ, ಬಬಲೇಶ್ವರದ ಕಡೆ ನೋಡ್ರಿ, ಒಣದ್ರಾಕ್ಷಿಗೆ ಗಾಳಿ ಬೇಕಂತ ಶೆಡ್ಡಿನ ನಾಕೂ ಕಡೆ ತೆರದಿಟ್ಟೀರಿ. ಕೂಸಿಗೆ ಮಾತ್ರ ಗಾಳಿ ಸೋಕಬಾರದು!’ ಇಲ್ಲಿ ಶೆಗಡಿಯ ವಾದ ಒಪ್ಪಬೇಕು, ಅಜ್ಜಿಯರನ್ನು ಪೂರ್ತಿ ಒಪ್ಪಬೇಕಿಲ್ಲ. ಆ ಮನೆಗಳಲ್ಲೂ ಅಪಾಯ ಕಡಿಮೆಯಿತ್ತೇ ಹೊರತು ಇಲ್ಲದಿರಲಿಲ್ಲ. ದೊಡ್ಡವರಿಗಿಂತ ವೇಗವಾಗಿ ಉಸಿರಾಡುವ ಕೂಸು ವಿಷಾನಿಲವನ್ನೂ ಬೇಗ ಒಳಗೆಳೆದುಕೊಳ್ಳುತ್ತದೆ. ಪರದೆ ಕಟ್ಟಿದ ಬಾಣಂತಿ ಕೋಣೆಗೆ ಕೆಂಡ ಹೋಗಲೇಬಾರದು.

ಕಿಟಕಿ ತೆರೆದರೆ ಬಿಸಿಯೆಲ್ಲ ಹೊರಗೆ. ಮತ್ತೆ ನೀವು ಯಾಕೆ ಬೇಕು?

ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಶೆಗಡಿ ಸ್ವಲ್ಪ ಬೂದಿ ಝಾಡಿಸಿ ಹೇಳಿದ: ‘ಕೋಣಿ ಕಾಯಿಸೂದು ನನ್ನ ಕೆಲಸ ಅಲ್ಲರಿ. ಪಡಸಾಲ್ಯಾಗ, ಅಂಗಳದಾಗ ಕೂತು ಕೈಕಾಲು ಕಾಸಿಗೋರಿ, ಮಲಗೂ ಮುಂದ ನನ್ನ ಹೊರಗ ಇಡ್ರಿ.’ ಮೇಲೆ ಬೂದಿ ಮುಚ್ಚಿದರೆ ಸಾಕಲ್ಲವೇ ಎಂದರೆ, ಸಾಲದು. ಬೂದಿಯ ಕೆಳಗಿನ ಕೆಂಡವೂ ಗಂಟೆಗಟ್ಟಲೆ ಅದೇ ಅನಿಲ ಬಿಡುತ್ತದೆ.

ಹಾಗಾದರೆ ನಿಮ್ಮ ವಾರಸುದಾರ ರೂಮ್ ಹೀಟರ್?

‘ಕರೆಂಟಿನವ ನನ್ನಂಗ ಗಾಳಿ ಕೆಡಸೂದಿಲ್ಲ, ಅದು ಖರೆ. ಆದ್ರ 2,000 ವ್ಯಾಟಿನವನ್ನ ಮೊಬೈಲ್ ಚಾರ್ಜ್ ಮಾಡೂ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಗಸ್ತೀರಲ್ಲ!’ ಲೆಕ್ಕ ಸರಿಯಿದೆ: ಆ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಸಾಕೆಟ್ ಕರಗಬಹುದು, 16 ಆಂಪಿಯರಿನದೇ ಬೇಕು, ಹಾಸಿಗೆ-ಪರದೆಗಳಿಂದ ದೂರ. ನಿಲ್ಲಿಸದೆ ರಾತ್ರಿ ಎಂಟು ತಾಸು ಉರಿಸಿದರೆ 16 ಯೂನಿಟ್. ಹದಿಮೂರನೇ ರಾತ್ರಿಗೆ ಗೃಹಜ್ಯೋತಿ ಉಚಿತ ವಿದ್ಯುತ್ತಿನ ತಿಂಗಳ 200 ಯೂನಿಟ್ ಗಡಿ ದಾಟುತ್ತದೆ.

ರಾತ್ರಿ ಪೂರ್ತಿ ನಂಬಬಹುದಾದವರು ಯಾರೂ ಇಲ್ಲವೇ?

‘ಟ್ರಂಕಿನ್ಯಾಗ ಕೌದಿ ಅದಾಳಲ್ರಿ. ಅಕಿ ಮ್ಯಾಲ ಒಂದು ಕೇಸ್ ಇಲ್ಲ, ಅದಕ್ಕ ಅಕಿ ಸಂದರ್ಶನಕ್ಕ ಯಾರೂ ಬರಂಗಿಲ್ಲ.’