ಸಮುದ್ರವಿಲ್ಲದ ಸಂಶಿಯಲ್ಲಿ ಅಲೆ ಮತ್ತು ಹವೆಯ ಮುನ್ನೋಟ: ಒಂದು ಅಧಿಕಪ್ರಸಂಗಿ ಪ್ರಬಂಧ

ಕುಂದಗೋಳ ತಾಲ್ಲೂಕಿನ ಸಂಶಿಗೆ ಸಮುದ್ರವಿಲ್ಲ. ಇದನ್ನು ಪ್ರಬಂಧದ ದೋಷವೆಂದು ಎಣಿಸುವ ಪರೀಕ್ಷಕರು ಇಲ್ಲಿಯೇ ಎದ್ದು ಚಹಾಕ್ಕೆ ಹೋಗಬಹುದು. ಅರಬ್ಬಿ ಸಮುದ್ರಕ್ಕೆ ನೆಟ್ಟಗೆ ಗೆರೆ ಎಳೆದರೂ ನೂರು ಕಿಲೋಮೀಟರಿಗೆ ಮಿಕ್ಕಿದ ದೂರ, ನಡುವೆ ಸಹ್ಯಾದ್ರಿ ಅಡ್ಡ ಮಲಗಿದೆ. ಆದರೆ ಇಲ್ಲದ ವಸ್ತುವಿನ ಮೇಲೆ ಸಂಶೋಧನೆ ಕೂಡದೆಂದು ನಿಯಮ ಮಾಡಿದರೆ ನಮ್ಮ ಗ್ರಂಥಾಲಯಗಳಲ್ಲಿ ಗೆದ್ದಲಿಗೂ ಕೆಲಸ ಉಳಿಯುವುದಿಲ್ಲ. ಕ್ಷೇತ್ರಕಾರ್ಯದ ಮೊದಲ ದಿನ ಚಹಾದಂಗಡಿಯಲ್ಲಿ “ಇಲ್ಲಿ ಕಡಲು ಹೆಂಗೈತ್ರೀ?” ಎಂದು ವಿಚಾರಿಸಲಾಯಿತು. “ಕಡಲಿ ಅಡ್ಡಿಯಿಲ್ರೀ ಸರ. ರೇಟ್ ಇಲ್ಲ ನೋಡ್ರಿ” ಎಂಬ ಉತ್ತರ ಬಂತು. ಈ ದತ್ತಾಂಶವನ್ನು ‘ಅನುಬಂಧ ಅ’ ಎಂದು ಗುರುತಿಸಿ, ಸಂಶೋಧನಾ ಪದ್ಧತಿಗೆ ಅನುಗುಣವಾಗಿ, ಮುಂದೆ ಎಲ್ಲಿಯೂ ಬಳಸಿಕೊಂಡಿಲ್ಲ.

ಮೊದಲು ಪರಿಭಾಷೆ. ಅಲೆ ಸವಾರಿ ಬಲ್ಲವರು ಪಾಯಿಂಟ್ ಬ್ರೇಕ್ ಎನ್ನುವುದು ಇದಕ್ಕೆ: ನೆಲವೋ ಬಂಡೆಯೋ ನೀರಿನೊಳಕ್ಕೆ ಮೂಗು ಚಾಚಿರುತ್ತದೆ, ದೂರದ ಬಿರುಗಾಳಿ ಎಬ್ಬಿಸಿದ ತೆರೆ ಅಲ್ಲಿಗೆ ಬಂದು, ಆ ಮೂಗನ್ನು ಬಳಸಿ ಬಾಗಿ, ಒಂದು ತುದಿಯಿಂದ ಮುರಿಯುತ್ತ ದಂಡೆಗುಂಟ ಓಡುತ್ತದೆ. ಕೂಡಿಬಂದ ದಿನ ಅದರಂಥ ಅಲೆ ಇನ್ನೊಂದಿಲ್ಲ. ಕೂಡಿಬರುವುದೇ ಅಪರೂಪ. ತೆರೆಯ ದಿಕ್ಕು ತುಸು ಸರಿದರೆ, ಗಾಳಿ ಮಗ್ಗಲು ಬದಲಿಸಿದರೆ, ಭರತ ಹೆಚ್ಚುಕಡಿಮೆಯಾದರೆ ಮುಗಿಯಿತು. ಹಲಗೆ ಹೊತ್ತು ಬಂದವರು ದಂಡೆಯ ಮೇಲೆ ಕೂತು ಶೇಂಗಾ ತಿನ್ನಬೇಕು. ನಮ್ಮ ಕರಾವಳಿಯಲ್ಲಿ ಈ ವಿದ್ಯೆಗೆ ಮೂಲ್ಕಿಯೇ ಪೀಠ. ಅಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬಿನವರನ್ನು ಜನ ಸರ್ಫಿಂಗ್ ಸ್ವಾಮಿಗಳೆಂದೇ ಕರೆದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಧಾರವಾಡ ಸೀಮೆಯಲ್ಲಿ ಸ್ವಾಮಿಗಳಿಗೆ ಯಾವ ಕಾಲಕ್ಕೂ ಬರ ಬಿದ್ದಿಲ್ಲ. ಆದರೂ ಒಂದು ಮಠವೂ ಈ ದಿಕ್ಕಿನಲ್ಲಿ ಚಿಂತಿಸದಿರುವುದು ಖೇದಕರ.

ಈಗ ಸಿದ್ಧಾಂತ. ಸಂಶಿಯೂ ಒಂದು ಪಾಯಿಂಟ್ ಬ್ರೇಕ್. ಇಲ್ಲಿ ಮುರಿಯುವುದು ನೀರಲ್ಲ, ಮೋಡ. ಪಡುವಣ ಕಪ್ಪಾಗುತ್ತದೆ, ಕುಂದಗೋಳದ ಕಡೆ ಗುಡುಗುತ್ತದೆ, ತಂಪು ಗಾಳಿ ಬೀಸುತ್ತದೆ, ಹೆಂಗಸರು ಅಂಗಳದಲ್ಲಿ ಹರವಿದ ಕಾಳು ಬಳಿದು ಒಳಗಿಡುತ್ತಾರೆ. ಅಷ್ಟರಲ್ಲಿ ಮೋಡ ಕಾಣದ ಯಾವುದೋ ಮೂಗಿಗೆ ತಾಗಿ ಬಾಗುತ್ತದೆ. “ಮಳಿ ಎಲ್ಲಾ ಗುಡಗೇರಿಗೆ ಹೋತ್ರಿ” ಎಂಬುದು ಸಂಶಿಯ ಸಾಕ್ಷ್ಯ. ಪಕ್ಕದ ಗುಡಗೇರಿಗೆ ಹೋಗಿ ವಿಚಾರಿಸಿದರೆ “ನಮಗೆಲ್ಲಿ ಬಂತ್ರೀ, ಎಲ್ಲಾ ಸಂಶಿಗೆ ಸುರೀತು” ಎನ್ನುತ್ತಾರೆ. ಎರಡೂ ಸಾಕ್ಷ್ಯ ಸತ್ಯವೆಂದು ಒಪ್ಪಿದರೆ ಮಳೆಯೆಲ್ಲ ಎರಡು ನಿಲ್ದಾಣಗಳ ನಡುವಿನ ರೈಲು ಹಳಿಯ ಮೇಲೆ ಬಿದ್ದಿರಬೇಕು.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾದ ನೆಲದಿಂದ ಏಳುವ ಗುಡುಗುಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಸುರಿದು ಬರಿದಾಗಲು ಅದಕ್ಕೆ ಒಂದು ತಾಸು ಸಾಕು. ಬದುವಿನ ಆಚೆ ತಮ್ಮನ ಹೊಲ ತೊಯ್ದು ಈಚೆ ಅಣ್ಣನ ಹೊಲ ಧೂಳಾಗಿರುವುದು ಭೌತಶಾಸ್ತ್ರಕ್ಕೆ ಸಮ್ಮತ, ಮನೆತನದ ಶಾಂತಿಗೆ ಮಾತ್ರ ಅಸಮ್ಮತ. ಮುಂಗಾರಿನ ಲೆಕ್ಕ ಬೇರೆ. ಘಟ್ಟ ಏರುವಾಗಲೇ ಮೋಡ ಬಹುಪಾಲು ಸರಕು ಇಳಿಸಿ ಬಂದಿರುತ್ತದೆ. ಉಳಿದದ್ದರಲ್ಲಿ ಕಲಘಟಗಿಗೆ ಭತ್ತ ಬೆಳೆಯುವಷ್ಟು, ಮೂಡಣಕ್ಕೆ ಸರಿದಂತೆ ಕಡಿಮೆ, ನವಲಗುಂದ, ಅಣ್ಣಿಗೇರಿಗೆ ಮುಟ್ಟುವಾಗ ಬರೀ ಗಾಳಿ. ಕುಂದಗೋಳ ಸೀಮೆ ನಡುವಿನದು. ಬರಗಾಲದ ಪಟ್ಟಿಯಲ್ಲಿ ಅದರ ಹೆಸರು ಬಂದರೂ ಯಾರೂ ಬೆರಗಾಗುವುದಿಲ್ಲ, ನೆರೆಯ ಪಟ್ಟಿಯಲ್ಲಿ ಬಂದರೂ.

ಮುನ್ನೋಟ ನುಡಿಯುವವರಲ್ಲಿ ಹಳಬರು ಪಂಚಾಂಗ ಪಂಥದವರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 7 ಅಥವಾ 8ಕ್ಕೆ ಮಿರಗ ಕೂಡುತ್ತದೆ, 21 ಅಥವಾ 22ಕ್ಕೆ ಆರಿದ್ರಿ. ಇಷ್ಟೇ ಆಗಿದ್ದರೆ ಅದು ಬರೀ ಕ್ಯಾಲೆಂಡರು. ಪಂಥದ ಪ್ರತಿಭೆ ಇರುವುದು ವಾಹನದಲ್ಲಿ. ಸೂರ್ಯನ ನಕ್ಷತ್ರದಿಂದ ಆ ಹೊತ್ತಿನ ಚಂದ್ರನ ನಕ್ಷತ್ರದವರೆಗೆ ಎಣಿಸಿ ಒಂಬತ್ತರಿಂದ ಭಾಗಿಸಬೇಕು. ಒಂದು ಉಳಿದರೆ ಮಳೆ ಕುದುರೆ ಏರಿ ಬರುತ್ತದೆ. ಎರಡು ಉಳಿದರೆ ನರಿ, ಮೂರಕ್ಕೆ ಕಪ್ಪೆ, ನಾಲ್ಕಕ್ಕೆ ಟಗರು, ಐದಕ್ಕೆ ನವಿಲು, ಆರಕ್ಕೆ ಇಲಿ, ಏಳಕ್ಕೆ ಎಮ್ಮೆ, ಎಂಟಕ್ಕೆ ಕತ್ತೆ. ಏನೂ ಉಳಿಯದಿದ್ದರೆ ಆನೆ. ಕಪ್ಪೆ, ಎಮ್ಮೆ, ಆನೆ ಬಂದ ವರ್ಷ ಹಬ್ಬ. ಅಲೆ ಶಾಸ್ತ್ರಜ್ಞರ ಬಳಿ ತೆರೆಯ ಎತ್ತರವಿದೆ, ತೆರೆಗಳ ನಡುವಿನ ಸೆಕೆಂಡುಗಳಿವೆ, ಪ್ರಾಣಿ ಒಂದೂ ಇಲ್ಲ. “ನೈರುತ್ಯದಿಂದ ಎರಡು ಮೀಟರ್, ಹದಿನಾಲ್ಕು ಸೆಕೆಂಡ್, ಕತ್ತೆ” ಎಂದು ಮುನ್ಸೂಚನೆ ಕೊಡತೊಡಗಿದ ದಿನ ಆ ಶಾಸ್ತ್ರ ಜನರ ಮನಸ್ಸಿಗೆ ಇಳಿಯುತ್ತದೆ. ನರಿಯಲ್ಲಂತೂ ವಿಶೇಷ ಸೌಕರ್ಯವಿದೆ: ಮಳೆ ಬಂದರೂ ನರಿ ಮೋಸ ಮಾಡಿತು ಎನ್ನಬಹುದು, ಬಾರದಿದ್ದರೂ ನರಿ ಮೋಸ ಮಾಡಿತು ಎನ್ನಬಹುದು.

1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ಪ್ರಾಣಿಗಳನ್ನು ಬಿಟ್ಟು ಬಣ್ಣಗಳನ್ನು ಹಿಡಿಯಿತು: ಹಳದಿ, ಕಿತ್ತಳೆ, ಕೆಂಪು. ಆದರೆ ಅದರ ಕಾವ್ಯಶಕ್ತಿ ಇರುವುದು ನಾಲ್ಕು ಪದಗಳಲ್ಲಿ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಕಾಲುಭಾಗದವರೆಗೆ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ‘ಒಂದೆರಡು ಕಡೆ’, ಅರ್ಧದವರೆಗೆ ‘ಕೆಲವು ಕಡೆ’, ಮುಕ್ಕಾಲಿನವರೆಗೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಶುದ್ಧ ವಿಜ್ಞಾನ, ಕೊಂಕು ತೆಗೆಯುವಂತಿಲ್ಲ. ರೇಡಿಯೊದಲ್ಲಿ “ಉತ್ತರ ಒಳನಾಡಿನ ಒಂದೆರಡು ಕಡೆ” ಎಂದು ಬಂದ ಕೂಡಲೇ ಸಂಶಿಯ ಕೇಳುಗ ಕೇಳುತ್ತಾನೆ: “ಆ ಒಂದು ಯಾವ್ದು, ಎರಡು ಯಾವ್ದು?” ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ದೇಶದ ಮುಂಗಾರಿನ ದೀರ್ಘಕಾಲದ ಸರಾಸರಿ 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಂದರೆ ವಾಡಿಕೆ ಮಳೆ. ಚಿರಾಪುಂಜಿಯದೂ ಜೈಸಲ್ಮೇರಿನದೂ ಸಂಶಿಯದೂ ಕೂಡಿಸಿ ಭಾಗಿಸಿದ ಮೇಲೆ ಸಿಗುವ ವಾಡಿಕೆ ಇದು. ಹೆಸರು ಒಣಗಿ ನಿಂತ ಹೊಲದ ಬದುವಿನ ಮೇಲೆ ಕೂತು ಈ ಸುದ್ದಿಯನ್ನು ಫೋನಿನಲ್ಲಿ ಓದಿದವನಿಗೆ ದೇಶಾಭಿಮಾನ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಮೂರನೆಯದು ಕಟ್ಟೆ ಪಂಥ. ಇದರ ಪ್ರಮಾಣಗಳು ಮೊಣಕಾಲಿನ ನೋವು, ತತ್ತಿ ಹೊತ್ತು ಗೋಡೆ ಏರುವ ಇರುವೆ, ಚಂದ್ರನ ಸುತ್ತ ಕಟ್ಟಿದ ಗುಡಿ. ಪಂಥದ ಆಚಾರ್ಯರೊಬ್ಬರೊಡನೆ ಓಣಿಯ ಹುಡುಗ ನಡೆಸಿದ ಸಂವಾದ ಹೀಗಿದೆ:

“ಕಾಕಾ, ಇವತ್ತ ಮಳಿ ಬರ್ತೈತೇನು?”

“ಬಂದ್ರ ಬಂತು ತಮ್ಮಾ, ಬರಲಿಲ್ಲಂದ್ರ ಇಲ್ಲ.”

“ಅದು ನನಗೂ ಗೊತ್ತೈತಿ.”

“ಮತ್ತ್ಯಾಕ ಕೇಳ್ತಿ?”

ಇಂದಿನವರೆಗೆ ಒಮ್ಮೆಯೂ ಸುಳ್ಳಾಗದ ಮುನ್ಸೂಚನೆ ಇದೊಂದೇ. ಪಂಚಾಂಗದ ನರಿ, ಇಲಾಖೆಯ ‘ಒಂದೆರಡು ಕಡೆ’, ಕಾಕಾನ ‘ಬಂದ್ರ ಬಂತು’ ಮೂರರ ವ್ಯಾಕರಣವೂ ಒಂದೇ ಎಂಬುದು ಪ್ರಸ್ತುತ ಸಂಶೋಧಕನ ಮುಖ್ಯ ಶೋಧ. ಹಿಂಬಾಗಿಲು ತೆರೆದಿಟ್ಟುಕೊಂಡೇ ಎಲ್ಲರೂ ಮುಂಬಾಗಿಲಲ್ಲಿ ನಿಂತು ಮಾತಾಡುತ್ತಾರೆ.

ನೀರಿನ ಅಲೆಯನ್ನೇ ನೋಡಬೇಕೆಂಬ ಹಟವಾದಿಗಳಿಗಾಗಿ ಬೆಣ್ಣಿಹಳ್ಳವಿದೆ. ಕೇರಳದ ಕರಾವಳಿಯಲ್ಲಿ ಕಳ್ಳಕ್ಕಡಲ್ ಎಂಬ ಉಪದ್ರವ ಉಂಟು: ಆಕಾಶ ಶುಭ್ರವಾಗಿರುತ್ತದೆ, ಗಾಳಿ ಇರುವುದಿಲ್ಲ, ಆದರೂ ದಕ್ಷಿಣದ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ತೆರೆ ಬಂದು ಮನೆಯಂಗಳಕ್ಕೆ ನುಗ್ಗುತ್ತದೆ. ಬೆಣ್ಣಿಹಳ್ಳ ನಮ್ಮ ಸೀಮೆಯ ಕಳ್ಳ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಹತ್ತಿರ ಹುಟ್ಟಿ, ಸುಮಾರು 138 ಕಿಲೋಮೀಟರ್ ಹರಿದು, ಮೆಣಸಗಿ ಬಳಿ ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ಎಮ್ಮೆ ಮೈ ತೊಳೆಯಲಿಕ್ಕೂ ನೀರು ಹುಡುಕಬೇಕು. ಮೇಲೆ ಹುಬ್ಬಳ್ಳಿ, ಕುಂದಗೋಳದ ಕಡೆ ರಾತ್ರಿ ಒಂದು ಜೋರು ಮಳೆ ಹೊಡೆದರೆ, ಕೆಳಗೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹನಿ ಬೀಳದೆಯೂ ಹಳ್ಳ ದಂಡೆ ಮೀರಬಹುದು. ನೆಲ ಸಪಾಟು, ಎರಿ ಮಣ್ಣು ಒಮ್ಮೆ ತೊಯ್ದ ಮೇಲೆ ನೀರು ಕುಡಿಯುವುದಿಲ್ಲ, ಪಾತ್ರದ ತುಂಬ ಹೂಳು ಮತ್ತು ಜಾಲಿ; ನೀರು ಹೊಲಗಳ ಮೇಲೆ ಅಗಲಕ್ಕೆ ಹರಡುತ್ತದೆ. ಪ್ರತಿ ನೆರೆಯ ನಂತರ, ಈ ಹಳ್ಳದ ನೆರೆ ತಡೆಯುವ ಬಗೆಗಿನ ಪರಮಶಿವಯ್ಯ ವರದಿಯ ಹೆಸರು ಕೇಳಿಬರುತ್ತದೆ. ಈ ಹಳ್ಳದಲ್ಲಿ ಇಷ್ಟು ವರ್ಷ ಮುಳುಗದೆ ತೇಲುತ್ತಿರುವ ವಸ್ತು ಅದೊಂದೇ. 2019ರ ಮುಂಗಾರಿನಲ್ಲಿ ಮಳೆ ಸಾಲದೆಂದು ಮೋಡಬಿತ್ತನೆಯ ವಿಮಾನವನ್ನು ಹುಬ್ಬಳ್ಳಿಗೂ ತರಿಸಲಾಯಿತು. ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಉಕ್ಕಿದವು. ಬಿತ್ತನೆಗೂ ನೆರೆಗೂ ಸಂಬಂಧವಿಲ್ಲವೆಂದು ವಿಜ್ಞಾನ ಹೇಳುತ್ತದೆ. ಕಟ್ಟೆ ಪಂಥ ಈ ವಿಷಯದಲ್ಲಿ ತೀರ್ಪು ಕಾಯ್ದಿರಿಸಿದೆ.

ಸವಾರಿಯ ಇತಿಹಾಸಕ್ಕೆ ಬರೋಣ. ಅಲೆ ಸವಾರಿ ಹವಾಯಿಯ ಜನರ ವಿದ್ಯೆಯೆಂದೂ 1778ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿಗೆ ಮುಟ್ಟಿದ ಮೇಲೆ ಹೊರಜಗತ್ತಿಗೆ ಅದರ ಸುದ್ದಿ ಹಬ್ಬಿತೆಂದೂ ಪಾಶ್ಚಾತ್ಯರು ಬರೆಯುತ್ತಾರೆ. ಅವರಾರೂ ಸಂಶಿಯಲ್ಲಿ ಕೊರಡು ಹೊಡೆಯುವುದನ್ನು ನೋಡಿಲ್ಲ. ಹೊಲ ಹರಗಿದ ಮೇಲೆ ಹೆಂಟೆ ಒಡೆದು ನೆಲ ಸಮ ಮಾಡಲು ಎತ್ತುಗಳ ಹಿಂದೆ ಅಡ್ಡಲಾಗಿ ಕಟ್ಟುವ ಭಾರದ ಮರವೇ ಕೊರಡು. ಒಕ್ಕಲಿಗ ಅದರ ಮೇಲೇರಿ ನಿಲ್ಲುತ್ತಾನೆ. ಒಂದು ಪಾದ ಮುಂದೆ, ಒಂದು ಹಿಂದೆ, ಮೊಣಕಾಲು ತುಸು ಬಾಗಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಗಾಳಿಯಲ್ಲಿ. ಹೆಂಟೆ ಬಂದಲ್ಲಿ ಕೊರಡು ಕುಪ್ಪಳಿಸುತ್ತದೆ, ಅವನು ಸೊಂಟ ತಿರುಗಿಸಿ ಸಾವರಿಸಿಕೊಳ್ಳುತ್ತಾನೆ; ಹಿಂದೆ ಕೆಂಧೂಳಲ್ಲ, ಕರಿಧೂಳು ಏಳುತ್ತದೆ. ಭಾರ ಸಾಲದಿದ್ದರೆ ಮೊಮ್ಮಗನನ್ನು ಕೂಡಿಸಿಕೊಳ್ಳುವ ಪದ್ಧತಿಯೂ ಇತ್ತು. ಆದ್ದರಿಂದ ಅಲೆ ಸವಾರಿ ಕುಂದಗೋಳ ಸೀಮೆಯಲ್ಲೇ ಹುಟ್ಟಿ, ಎತ್ತುಗಳ ಅಭಾವದಿಂದ ಹವಾಯಿಯವರು ಅದನ್ನು ನೀರಿನ ಮೇಲೆ ಮಾಡಬೇಕಾಯಿತೆಂದು ನಿರ್ಣಯಿಸಲು ಅಡ್ಡಿಯಿಲ್ಲ. ಪುರಾವೆ ಕೇಳುವವರು ನಾಡದ್ರೋಹಿಗಳು.

ಈಗ ಟ್ರ್ಯಾಕ್ಟರ್ ಬಂದು ಕೊರಡು ಗೋಡೆಗೆ ಒರಗಿದೆ. ಪರಂಪರೆ ಬೈಕಿನ ಮೇಲೆ ಮುಂದುವರಿದಿದೆ. ಒಣಗಿದಾಗ ಕೈ ಹೋಗುವಷ್ಟು ಬಿರಿಯುವ ಎರಿ ಮಣ್ಣು ಮಳೆ ಬಿದ್ದ ಕೂಡಲೇ ಉಬ್ಬಿ, ಅಂಟಾಗಿ, ಜಾರುತ್ತದೆ. ಹೊಲದ ದಾರಿಗೆ ಇಳಿದ ಹುಡುಗ ಹತ್ತು ಮಾರು ಅದ್ಭುತವಾಗಿ ತೇಲುತ್ತಾನೆ. ಆಮೇಲೆ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಇಳಿದು ಜಾಲಿಯ ಕಡ್ಡಿಯಿಂದ ಕೆರೆಯಬೇಕು. ಕೆರೆಯುವಷ್ಟರಲ್ಲಿ ಚಪ್ಪಲಿಯ ಅಡಿಗೆ ಮಣ್ಣು ಅಂಟಿ ಅವನೇ ನಾಲ್ಕು ಬೆರಳು ಎತ್ತರವಾಗಿರುತ್ತಾನೆ.

ಮಾಪನದ ವಿಚಾರ ಸೂಕ್ಷ್ಮ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ತರಿಸುತ್ತದೆ. ನಿಜಕ್ಕೂ ದೊಡ್ಡ ಕೆಲಸ. ಆದರೆ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಆ ಮಾಪಕದ ಅಂಕಿಯೇ ಸಾಕ್ಷಿ, ಹೊಲ ಸಾಕ್ಷಿಯಲ್ಲ. ಹೀಗಾಗಿ ರೈತ ಎರಡು ಪ್ರಾರ್ಥನೆ ಸಲ್ಲಿಸಬೇಕಾಗುತ್ತದೆ: ಮಳೆ ತನ್ನ ಹೊಲಕ್ಕೆ ಬೀಳಲಿ, ಮಾಪಕಕ್ಕೆ ಬೀಳದಿರಲಿ. ಸಾಮಾನ್ಯವಾಗಿ ದೇವರು ಇವೆರಡನ್ನು ಅದಲುಬದಲು ಮಾಡುತ್ತಾನೆ.

ಮುನ್ನೋಟ ನುಡಿದವರೆಲ್ಲ ಮನೆಗೆ ಹೋದ ಮೇಲೆ ನಿಶ್ಚಯ ಮಾಡಬೇಕಾದವನು ರೈತನೊಬ್ಬನೇ. ಒಂದು ಅಡ್ಡ ಮಳೆ ನಂಬಿ ಬೀಜ ಹಾಕಿದರೆ ಮೊಳಕೆ ಕಮರುತ್ತದೆ; ಇನ್ನೊಂದಕ್ಕೆ ಕಾದರೆ ಹದ ಆರುತ್ತದೆ; ಹೆಚ್ಚು ಸುರಿದರೆ ಎರಿ ಹೊಲದೊಳಗೆ ವಾರಗಟ್ಟಲೆ ಕಾಲಿಡುವಂತಿಲ್ಲ. ಎರಡು, ಮೂರು ದಿನದ ಆ ಹದದಲ್ಲಿ ಕೂರಿಗೆ ಇಳಿಸಿದವನಿಗಷ್ಟೇ ಬೆಳೆ. ಎಂಥ ಅಲೆಗಾರನೂ ಬೀಜ ಗೊಬ್ಬರದ ಸಾಲ ತಲೆಯ ಮೇಲೆ ಹೊತ್ತು ನೀರಿಗಿಳಿದದ್ದು ದಾಖಲಾಗಿಲ್ಲ.

ಇನ್ನು ಮುನ್ನೋಟ. ವರ್ಷ ನಮೂದಿಸಿಲ್ಲ, ನಮೂದಿಸಿದರೆ ಪ್ರತಿ ವರ್ಷ ಬರೆಯಬೇಕಾಗುತ್ತದೆ. ಮಿರಗ: ಪಡುವಣ ಗಾಳಿ ಜೋರು, ಮೋಡ ಊರನ್ನು ನೋಡದೆ ದಾಟುವ ಸಾಧ್ಯತೆ. ಆರಿದ್ರಿ: ಜಿಟಿಜಿಟಿ, ಹೆಸರು ಬಿತ್ತಿದವರು ಸಾಕಷ್ಟಿದೆ ಎನ್ನುತ್ತಾರೆ, ಬಿತ್ತದವರು ಇನ್ನೂ ಬೇಕೆನ್ನುತ್ತಾರೆ. ಮಘಿ: ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ ಧಾರಾಕಾರ, ಕಾಯಿಯಲ್ಲೇ ಮೊಳಕೆ. ಉತ್ರಿ, ಹಸ್ತ: ಹಿಂಗಾರಿ ಜೋಳಕ್ಕೆ ಬೇಕು, ಆದ್ದರಿಂದ ‘ಒಂದೆರಡು ಕಡೆ’. ನವೆಂಬರ್ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಇಡೀ ವರ್ಷದಲ್ಲಿ ಸಂಶಿಗೆ ಸಮುದ್ರದ ನೇರ ಸಂಪರ್ಕ ಒದಗುವುದು ಆಗಲೇ. ಮೂರು ದಿನ ಮೋಡ ಮುಸುಕಿ, ಹೂವಿಗೆ ಬಂದ ಕಡಲಿಗೆ ಕೀಡಿ ಬೀಳುತ್ತದೆ. ತೆರೆಯ ಎತ್ತರ ಸೊನ್ನೆ, ಗಾಳಿ ಮೂಡಣದಿಂದ ಮಂದ. ಊರಿನವರೆಲ್ಲ ಒಂದೇ ದಿನ ಎಣ್ಣಿ ಹೊಡೆಯಲು ಏಳುವುದರಿಂದ, ಬಾಡಿಗೆ ಪಂಪು ಬೇಕಾದವರು ಹಿಂದಿನ ಸಂಜೆಯೇ ಹೇಳಿಡತಕ್ಕದ್ದು.